ಕಾರ್‌ಪೂಲ್: ಸರದಿ ಮೇಲೆ ಓಡಿಸುವುದಾ, ಒಬ್ಬರ ಕಾರಿಗೇ ದುಡ್ಡು ಹಾಕುವುದಾ?

ಆಫೀಸಿಗೆ ಮೂರ್ನಾಲ್ಕು ಜನ ಒಟ್ಟಿಗೆ ಹೋಗುವುದು ಅಂತ ಆದಮೇಲೆ ಇದೊಂದು ತೀರ್ಮಾನವಾಗಬೇಕು. ವಾರಕ್ಕೊಬ್ಬರು ಕಾರು ತರುವುದಾ, ಒಬ್ಬರದೇ ಕಾರಿಗೆ ಉಳಿದವರು ಪಾಲು ಕೊಡುವುದಾ?

ಖರ್ಚಿನ ಮಟ್ಟಿಗೆ ಸರದಿ ಸುಲಭ. ದುಡ್ಡು ಕೈ ಬದಲಾಗುವುದೇ ಇಲ್ಲ. ಆದರೆ ಎಲ್ಲರಿಗೂ ಕಾರಿರಬೇಕು, ಓಡಿಸುವ ಮನಸ್ಸೂ ಇರಬೇಕು. ಒಬ್ಬರದೇ ಕಾರಾದರೆ ಲೆಕ್ಕ ಬೇಕೇ ಬೇಕು. ಬರೀ ಪೆಟ್ರೋಲ್ ಹಂಚಿಕೊಂಡರೆ ಸಾಲದು. ಟೈರ್, ಸರ್ವಿಸ್, ಟೋಲ್, ಪಾರ್ಕಿಂಗ್ ಕೂಡ ಸೇರಿಸಿ. ಹಾಗಂತ ಖರ್ಚಿಗಿಂತ ಜಾಸ್ತಿ ತೆಗೆದುಕೊಂಡರೆ ಹಲವು ಕಡೆ ಅದು ಬಾಡಿಗೆ ಓಡಿಸಿದ ಹಾಗಾಗುತ್ತದೆ, ವಿಮೆಗೂ ತೊಂದರೆ. ರಜೆ ಹಾಕಿದವರು ಆ ದಿನದ ಪಾಲು ಕೊಡಬೇಕಾ ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ. ಮನಸ್ತಾಪ ಶುರುವಾಗುವುದೇ ಅಲ್ಲಿ.

ಸಮಯಕ್ಕೆ ಒಬ್ಬರ ಕಾರೇ ವಾಸಿ. ಅದೇ ದಾರಿ, ಅದೇ ಗಂಟೆ. ಆದರೆ ಅವರಿಗೆ ಹುಷಾರು ತಪ್ಪಿದರೆ ಎಲ್ಲರೂ ಬಸ್‌ ಸ್ಟಾಪಿಗೆ! ಸರದಿಯಲ್ಲಿ ಬದಲಿ ಸಿಗುತ್ತದೆ. ಐದು ನಿಮಿಷ ಕಾದು ಹೊರಟುಬಿಡುವ ನಿಯಮ ಮಾತ್ರ ಎರಡರಲ್ಲೂ ಇರಲಿ.

ಹಾಡು, ಎಸಿ ವಿಷಯದಲ್ಲಿ ಕಾರಿನವರ ಮಾತೇ ನಡೆಯುತ್ತದೆ ಅಲ್ವಾ? ಸರದಿಯಾದರೆ ವಾರಕ್ಕೊಮ್ಮೆ ಬದಲಾಗುತ್ತದೆ, ಅಷ್ಟೇ.

ಎಲ್ಲರಿಗೂ ಕಾರಿದ್ದು, ಮನೆಗಳೂ ಹತ್ತಿರವಿದ್ದರೆ ಸರದಿ ಹಿಡಿಯಿರಿ. ಕಾರಿಲ್ಲದವರು ಅಥವಾ ಟ್ರಾಫಿಕ್‌ನಲ್ಲಿ ಓಡಿಸಲು ಹಿಂಜರಿಯುವವರು ಗುಂಪಿನಲ್ಲಿದ್ದರೆ ಒಬ್ಬರದೇ ಕಾರಿಗೆ ತಿಂಗಳ ಲೆಕ್ಕದಲ್ಲಿ ಪಾಲು ಕೊಡುವುದೇ ಸರಿ.