ಎಕ್ಸ್‌ಶೀಟ್ ಆಡ್-ಆನ್: ಎರಡು ಮಳೆಗಾಲ ಬಳಸಿದ ಮೇಲೆ

ಚಿತ್ರ ಬರೆಯುವ ತಂತ್ರಾಂಶ ಕ್ರಿಟಾಕ್ಕೆ ಎಕ್ಸ್‌ಪೋಷರ್ ಶೀಟ್ (ಚಿಕ್ಕದಾಗಿ ಎಕ್ಸ್‌ಶೀಟ್) ಸೇರಿಸಿಕೊಡುವ ಒಂದು ಆಡ್-ಆನ್, ಅಂದರೆ ಸೇರ್ಪಡೆ, ಹಾಕಿಕೊಂಡು ಒಂದೂವರೆ ವರ್ಷ ಆಯಿತು. ಎರಡು ಮಳೆಗಾಲ ಪೂರ್ತಿ ಕಳೆಯಿತು, ಎರಡನೇ ಅಡಿಕೆ ಕೊಯ್ಲು ಈಗ ನಡೆಯುತ್ತಿದೆ. ಒಂದು ವಾರ ಬಳಸಿ ಬರೆಯುವ ವಿಮರ್ಶೆ ಇಂಥ ವಸ್ತುವಿಗೆ ಸಾಲದು, ಅದಕ್ಕೇ ಇಷ್ಟು ದಿನ ಕಾದೆ.

ನಮ್ಮದು ತೀರ್ಥಹಳ್ಳಿ ಹತ್ತಿರದ ಒಂದು ಊರು. ಅಡಿಕೆ ಮರ ಹತ್ತುವ ಕೊನೆಗಾರನ ಬಗ್ಗೆ ಮೂರು ನಿಮಿಷದ ಒಂದು ಅನಿಮೇಷನ್ ಚಿತ್ರ ಮಾಡುತ್ತಿದ್ದೇನೆ. ಪೂರ್ತಿ ಕೈಯಲ್ಲೇ, ಒಂದೊಂದು ಫ್ರೇಮೂ ಬರೆದು. ಬರೆಯುವುದು ಕ್ರಿಟಾದಲ್ಲಿ. ಅದರ ಬ್ರಷ್ಷು ನನ್ನ ಕೈಗೆ ಒಗ್ಗಿದೆ, ಬಿಡುವ ಮನಸ್ಸಿಲ್ಲ. ಆದರೆ ಕ್ರಿಟಾದಲ್ಲಿ ಇರುವುದು ಎಡದಿಂದ ಬಲಕ್ಕೆ ಓಡುವ ಟೈಮ್‌ಲೈನ್. ಎಕ್ಸ್‌ಪೋಷರ್ ಶೀಟ್ ಬೇಕು ಅಂದರೆ ಆಡ್-ಆನ್ ಹಾಕಿಕೊಳ್ಳಬೇಕು. 2018ರಲ್ಲಿ ಬಂದ 4.0 ಆವೃತ್ತಿಯಿಂದ ಕ್ರಿಟಾಕ್ಕೆ ಪೈಥಾನ್ ಸ್ಕ್ರಿಪ್ಟ್ ಸೇರಿಸಬಹುದು, ಹಾಗಾಗಿ ಇದು ಸಾಧ್ಯ. ನಾನು ಎರಡು ಆಡ್-ಆನ್ ಬಳಸಿ ನೋಡಿದೆ. ಮೊದಲನೆಯದನ್ನು ಹದಿನೈದು ದಿನಕ್ಕೆ ತೆಗೆದೆ. ಬರೆಯುತ್ತಿರುವುದು ಎರಡನೆಯದರ ಬಗ್ಗೆ, ನಾನೂರು ಚಿಲ್ಲರೆ ರೂಪಾಯಿ ಕೊಟ್ಟಿದ್ದು. ಹೆಸರು ಮುಖ್ಯ ಅಲ್ಲ, ಈ ಜಾತಿಯ ಯಾವ ಆಡ್-ಆನ್ ತಗೊಂಡರೂ ನೋಡಬೇಕಾದ ವಿಷಯಗಳು ಇವೇ.

ಗೊತ್ತಿಲ್ಲದವರಿಗೆ ಒಂದು ಮಾತು. ಎಕ್ಸ್‌ಪೋಷರ್ ಶೀಟ್ ಅಂದರೆ ಮೇಲಿಂದ ಕೆಳಗೆ ಓದುವ ಒಂದು ಪಟ್ಟಿ. ಒಂದು ಸಾಲಿಗೆ ಒಂದು ಫ್ರೇಮು, ಒಂದು ಕಂಬಕ್ಕೆ (ಕಾಲಮ್ಮಿಗೆ) ಒಂದು ಲೇಯರು, ಅಂದರೆ ಒಂದರ ಮೇಲೊಂದು ಇಡುವ ಚಿತ್ರದ ಪದರ. ಪಕ್ಕದಲ್ಲಿ ಮಾತಿಗೊಂದು ಕಂಬ, ಕ್ಯಾಮೆರಾಕ್ಕೊಂದು. ಯಾವ ಚಿತ್ರ ಎಷ್ಟು ಫ್ರೇಮು ನಿಲ್ಲಬೇಕು ಅನ್ನುವುದನ್ನು ಅದರಲ್ಲಿ ಬರೆಯುವುದು. ಸೆಕೆಂಡಿಗೆ 24 ಫ್ರೇಮು. ಒಂದು ಚಿತ್ರ ಎರಡೆರಡು ಫ್ರೇಮು ನಿಂತರೆ ಸೆಕೆಂಡಿಗೆ 12 ಚಿತ್ರ ಸಾಕು, ಮೂರು ಮೂರು ನಿಂತರೆ 8 ಸಾಕು. ಜಪಾನಿನವರ ಶೀಟು ಒಂದು ಹಾಳೆಗೆ 6 ಸೆಕೆಂಡು, ಅಂದರೆ 144 ಫ್ರೇಮು. ಅದರಲ್ಲಿ ಕೀ ಚಿತ್ರಕ್ಕೆ, ಅಂದರೆ ಚಲನೆಯ ಮುಖ್ಯ ಭಂಗಿಗೆ, ಅಂಕಿ ಸುತ್ತ ವೃತ್ತ, ನಡುವಿನ ಚಿತ್ರಕ್ಕೆ ಬರೀ ಚುಕ್ಕೆ.

ಮೊದಲು ನಾನೂ ಹಾಳೆಯಲ್ಲೇ ಬರೆಯುತ್ತಿದ್ದೆ. ಶಿವಮೊಗ್ಗಕ್ಕೆ ಹೋದಾಗ ಗೋಪಿ ಸರ್ಕಲ್ ಹತ್ತಿರ ಐವತ್ತು ಹಾಳೆ ಜೆರಾಕ್ಸ್ ಮಾಡಿಸಿಕೊಂಡು ಬರುವುದು. ಜುಲೈ ತಿಂಗಳಲ್ಲಿ ನಮ್ಮ ಕಡೆ ಹಾಳೆಯ ಗತಿ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಥಂಡಿ ಹಿಡಿದು ಮೆತ್ತಗಾಗುತ್ತದೆ, ಪೆನ್ಸಿಲ್ ಗೆರೆ ಹತ್ತುವುದಿಲ್ಲ, ರಬ್ಬರ್ ಉಜ್ಜಿದರೆ ಹರಿಯುತ್ತದೆ, ಹದಿನೈದು ದಿನ ಬಿಟ್ಟರೆ ಬೂಷ್ಟು. ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇತ್ತು. ಹಾಳೆಯಲ್ಲಿ ಬರೆದದ್ದು ಒಂದು, ಟೈಮ್‌ಲೈನಿನಲ್ಲಿ ಆದದ್ದು ಇನ್ನೊಂದು. ಟೈಮ್‌ಲೈನಿನಲ್ಲಿ ಒಂದು ಚಿತ್ರ ಮುಂದಿನ ಚಿತ್ರ ಬರುವ ತನಕ ನಿಂತಿರುತ್ತದೆ. ಎಷ್ಟು ಫ್ರೇಮು ನಿಂತಿದೆ ಅಂತ ತಿಳಿಯಲು ಚೌಕಗಳನ್ನು ಎಣಿಸಬೇಕು. ನಾನು ಎಣಿಸುತ್ತಿದ್ದೆ. ರಾತ್ರಿ ಹತ್ತು ಗಂಟೆಗೆ ಎಣಿಕೆ ತಪ್ಪುತ್ತದೆ, ಅಲ್ವಾ?

ಆಡ್-ಆನ್ ಬಂದ ಮೇಲೆ ಆದದ್ದನ್ನು ಒಂದೇ ಶಾಟಿನಿಂದ ಹೇಳುತ್ತೇನೆ.

ಕೊನೆಗಾರ ಒಂದು ಮರದ ಕೊನೆ (ಅಡಿಕೆ ಗೊನೆ) ಕೊಯ್ದು ಮುಗಿಸಿದ ಮೇಲೆ ಕೆಳಗೆ ಇಳಿಯುವುದಿಲ್ಲ. ಇದ್ದ ಮರವನ್ನೇ ಬಾಗಿಸಿ, ಜೋಲಿ ಹೊಡೆದು, ಪಕ್ಕದ ಮರ ಹಿಡಿಯುತ್ತಾನೆ. ಕಾಲಿಗೆ ತಳೆ (ಮರ ಹತ್ತಲು ಹಾಕುವ ಬಳೆ), ಸೊಂಟಕ್ಕೆ ಕತ್ತಿ. ನೋಡಿದವರಿಗೆ ಗೊತ್ತು, ಆ ಒಂದು ಕ್ಷಣದಲ್ಲಿ ಕೆಳಗಿರುವವರು ಉಸಿರು ಹಿಡಿದುಕೊಂಡಿರುತ್ತಾರೆ. ಶಾಟು 4 ಸೆಕೆಂಡು, 96 ಫ್ರೇಮು. ಮೊದಲ ಸಲ ಸುಮ್ನೆ ಎರಡೆರಡರ ಮೇಲೆ ಬರೆದೆ. 48 ಚಿತ್ರ, ಮೂರು ವಾರದ ಕೆಲಸ. ಓಡಿಸಿ ನೋಡಿದರೆ ಮನುಷ್ಯ ಮರದ ಮೇಲೆ ಇಲ್ಲ, ನೀರಿನಲ್ಲಿ ತೇಲುತ್ತಿದ್ದಾನೆ. ಭಾರವೇ ಇಲ್ಲ.

ಆಮೇಲೆ ಶೀಟಿನಲ್ಲಿ ಕೂತು ಬರೀ ಅಂಕಿ ಬರೆದೆ, ಒಂದು ಗೆರೆಯನ್ನೂ ಎಳೆಯದೆ. ಮೊದಲು ಸುಮ್ಮನೆ ನಿಂತ ಚಿತ್ರ ಒಂದು, 12 ಫ್ರೇಮು. ಮರ ಹಿಂದಕ್ಕೆ ಬಾಗುವುದು 6 ಚಿತ್ರ, ಮೂರು ಮೂರರಂತೆ 18. ಹಿಂದಿನ ತುದಿಯಲ್ಲಿ ಒಂದು ಚಿತ್ರ 6 ಫ್ರೇಮು ನಿಲ್ಲಬೇಕು. ಮುಂದಕ್ಕೆ ಬರುವುದು 8 ಚಿತ್ರ, ಎರಡೆರಡು, 16. ಕೈ ಚಾಚಿ ಪಕ್ಕದ ಮರ ಹಿಡಿಯುವುದು 6 ಚಿತ್ರ, ಒಂದೊಂದೇ ಫ್ರೇಮು. ಹಿಡಿದ ಚಿತ್ರ 8 ಫ್ರೇಮು ನಿಲ್ಲಬೇಕು. ಕೊನೆಗೆ ಹೊಸ ಮರ ತೂಗಾಡಿ ತಣ್ಣಗಾಗುವುದು 10 ಚಿತ್ರ, ಮೂರು ಮೂರು, 30. ಕೂಡಿಸಿ ನೋಡಿ, ಸರಿಯಾಗಿ 96. ಚಿತ್ರ ಎಷ್ಟು? 33. ಹದಿನೈದು ಚಿತ್ರ ಕಡಿಮೆ, ಆದರೂ ಈಗ ಮರಕ್ಕೆ ಭಾರ ಇದೆ, ಮನುಷ್ಯನಿಗೆ ಭಾರ ಇದೆ, ಹಿಡಿಯುವ ಹೊತ್ತಿಗೆ ಎದೆ ಧಸಕ್ ಅನ್ನುತ್ತದೆ.

ಇದೇ ಕೆಲಸ ಹಾಳೆಯಲ್ಲೂ ಆಗುತ್ತಿತ್ತು, ನಿಜ. ಆದರೆ ಹಾಳೆಯಲ್ಲಿ ಬರೆದದ್ದನ್ನು ಓಡಿಸಿ ನೋಡಲು ಆಗುವುದಿಲ್ಲ. ಇಲ್ಲಿ ಹತ್ತು ಚಿತ್ರ ಆರಿಸಿ, 2 ಇದ್ದಲ್ಲಿ 3 ಅಂತ ಒತ್ತಿದರೆ ಹತ್ತೂ ಉದ್ದವಾಗುತ್ತವೆ, ಅವುಗಳ ನಂತರ ಇರುವುದೆಲ್ಲ ತಾನಾಗಿ ಕೆಳಗೆ ಸರಿಯುತ್ತದೆ, ತಕ್ಷಣ ಓಡಿಸಬಹುದು. ಬರೀ ಕಡ್ಡಿ ಗೊಂಬೆ ಬರೆದು ಒಂದು ಸಂಜೆಯಲ್ಲಿ ಏಳು ಸಲ ಟೈಮಿಂಗ್ ಬದಲಾಯಿಸಿದ್ದೇನೆ. ಮೊದಲು ಒಂದು ಸಲ ಬದಲಾಯಿಸಲೂ ಕೈ ಬರುತ್ತಿರಲಿಲ್ಲ, ಬರೆದು ಮುಗಿಸಿದ್ದನ್ನು ಅಲುಗಾಡಿಸುವುದೇ ಬೇಡ ಅನಿಸುತ್ತಿತ್ತು. ನನ್ನ ಮಟ್ಟಿಗೆ ಇದಕ್ಕೆ ಕೊಟ್ಟ ದುಡ್ಡು ಈ ಒಂದು ಕಾರಣಕ್ಕೇ ವಸೂಲಾಯಿತು.

ತೋಟದಲ್ಲಿ ಫೋನಿನಿಂದ ವಿಡಿಯೋ ತೆಗೆದು ಎಣಿಸುವವರಿಗೆ ಒಂದು ಎಚ್ಚರಿಕೆ. ಫೋನು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮು ತೆಗೆಯುತ್ತದೆ, ನಮ್ಮ ಶೀಟು 24. ಐದಕ್ಕೆ ನಾಲ್ಕರಂತೆ ಇಳಿಸಿ ಬರೆಯಬೇಕು. ವಿಡಿಯೋದಲ್ಲಿ 45 ಫ್ರೇಮಿನ ಜೋಲಿ ಶೀಟಿನಲ್ಲಿ 36. ನಾನು ಮೊದಲ ತಿಂಗಳು ಇದನ್ನು ಗಮನಿಸಲೇ ಇಲ್ಲ. ಎಲ್ಲ ಚಲನೆಯೂ ಕಾಲು ಪಾಲು ನಿಧಾನವಾಗಿತ್ತು. ಕೊಯ್ದ ಗೊನೆ ಹಗ್ಗದ ಮೇಲೆ ಜಾರಿ ಕೆಳಗೆ ಬರುವ ಶಾಟಿನಲ್ಲಂತೂ ಎದ್ದು ಕಾಣುತ್ತಿತ್ತು.

ಮಾತಿನ ಕಂಬದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕೆಳಗೆ ನಿಂತವನು ಮೇಲಕ್ಕೆ ನೋಡಿ "ಹುಷಾರು ಮಾರಾಯ" ಅನ್ನುತ್ತಾನೆ. ಆಡ್-ಆನ್ ಜೊತೆಗೆ ಬಂದ ಬಾಯಿಯ ಚಾರ್ಟು, ಅಂದರೆ ಯಾವ ಸದ್ದಿಗೆ ಬಾಯಿ ಹೇಗಿರಬೇಕು ಅನ್ನುವ ಪಟ್ಟಿ, ಇಂಗ್ಲಿಷ್ ಮಾತಿಗೆ ಮಾಡಿದ್ದು. ಅದನ್ನು ಬಿಟ್ಟು ನಾನು ಅಕ್ಷರದ ಲೆಕ್ಕದಲ್ಲಿ ಬರೆದೆ. ಹು 3, ಷಾ 6, ರು 3, ಮಾ 6, ರಾ 6, ಯ 4, ಒಟ್ಟು 28 ಫ್ರೇಮು. ಕನ್ನಡಕ್ಕೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಹ್ರಸ್ವಕ್ಕೆ ಮೂರು, ದೀರ್ಘಕ್ಕೆ ಆರು ಅಂತ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಕೊನೆಯ ಅಕ್ಷರ ಸ್ವಲ್ಪ ಎಳೆಯುತ್ತದೆ, ಅದಕ್ಕೆ ನಾಲ್ಕು. ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು, ಅದೂ ಸದ್ದಿಗಿಂತ ಎರಡು ಫ್ರೇಮು ಮೊದಲೇ. ಇಲ್ಲಾಂದರೆ ಮಾತು ಬಾಯಿಗೆ ಅಂಟುವುದಿಲ್ಲ. ಈ ಮೂರಕ್ಕೆ ತುಟಿ ಮುಚ್ಚದ ಬಾಯಿಯನ್ನು ನಮ್ಮ ಮನೆಯ ಮಕ್ಕಳೂ ಕೂಡಲೇ ಕಂಡುಹಿಡಿದರು.

ಈಗ ತೊಂದರೆಗಳು. ದೊಡ್ಡದು ಅನ್‌ಡೂ, ಅಂದರೆ ಮಾಡಿದ್ದನ್ನು ವಾಪಸ್ ತೆಗೆಯುವುದು. ಈ ಆಡ್-ಆನ್ ಒಳಗೆ ಮಾಡುವುದು ಇಷ್ಟೇ: ಹೋಲ್ಡ್ ಫ್ರೇಮ್ (ಅದೇ ಚಿತ್ರ ಇನ್ನೊಂದು ಫ್ರೇಮು ನಿಲ್ಲುವುದು) ಸೇರಿಸುವ ಆಜ್ಞೆಯನ್ನು ನಮ್ಮ ಬದಲು ತಾನೇ ಮತ್ತೆ ಮತ್ತೆ ಒತ್ತುವುದು. ಹಾಗಾಗಿ ಹತ್ತು ಚಿತ್ರವನ್ನು ಎರಡರಿಂದ ಮೂರಕ್ಕೆ ತಂದರೆ, ಅದನ್ನು ವಾಪಸ್ ತರಲು ಹತ್ತು ಸಲ ಅನ್‌ಡೂ ಒತ್ತಬೇಕು. ಎಂಟಕ್ಕೇ ನಿಲ್ಲಿಸಿದರೆ ಎಂಟು ಚಿತ್ರ ಸರಿ, ಎರಡು ತಪ್ಪು. ಇದು ಮಾತಿಗೆ ಹೇಳಿದ್ದಲ್ಲ, ಹೀಗೇ ಆಗಿ ಒಂದು ಇಡೀ ಭಾನುವಾರ ಹೋಯಿತು. ಆವತ್ತಿನಿಂದ ಟೈಮಿಂಗ್ ಮುಟ್ಟುವ ಮೊದಲು ಹೊಸ ಹೆಸರಿನಲ್ಲಿ ಒಂದು ಪ್ರತಿ ಉಳಿಸುತ್ತೇನೆ.

ಹಾಗೆ ಪ್ರತಿ ಉಳಿಸುವುದರಲ್ಲೂ ಒಂದು ತೊಡಕು ಇದೆ. ಶೀಟಿನ ಟಿಪ್ಪಣಿ, ಮಾತಿನ ಕಂಬ ಎಲ್ಲ ಚಿತ್ರದ ಫೈಲಿನ ಒಳಗೆ ಇರುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಚಿಕ್ಕ ಫೈಲಿನಲ್ಲಿ ಇರುತ್ತದೆ. ಚಿತ್ರದ ಹೆಸರು ಬದಲಾದರೆ ಅದಕ್ಕೆ ತನ್ನ ಜೋಡಿ ಸಿಗುವುದಿಲ್ಲ, ಶೀಟು ಖಾಲಿ ಕಾಣುತ್ತದೆ. ಎರಡನ್ನೂ ಒಟ್ಟಿಗೆ ನಕಲು ಮಾಡಿ, ಎರಡಕ್ಕೂ ಒಂದೇ ಹೆಸರು ಇಡಿ. ಮೊದಲ ಸಲ ಖಾಲಿ ಶೀಟು ನೋಡಿದಾಗ ನನ್ನ ಕೈ ನಡುಗಿತ್ತು.

ಇನ್ನು ಖಾನೆಯಲ್ಲಿ ಕನ್ನಡ. ಬಿಡಿ ಅಕ್ಷರ ಸರಿಯಾಗಿ ಕಾಣುತ್ತದೆ, ಒತ್ತಕ್ಷರ ಒಡೆದು ಪಕ್ಕಪಕ್ಕಕ್ಕೆ ಕೂರುತ್ತದೆ. "ಅಪ್ಪ" ಅನ್ನುವುದನ್ನು ಓದಲು ಕಷ್ಟ. ಆಡ್-ಆನ್ ಮಾಡಿದವರಿಗೆ ಎರಡು ಸಲ ತಿಳಿಸಿದೆ, ಪಾಪ ಒಬ್ಬರೇ ಬಿಡುವಿನಲ್ಲಿ ಮಾಡುವ ಕೆಲಸ, ಒಂದು ಸಲ ಉತ್ತರ ಬಂತು. ಇನ್ನೂ ಸರಿಯಾಗಿಲ್ಲ. ಆದರೂ ಕೇಳುತ್ತಲೇ ಇರಬೇಕು, ನಮ್ಮ ಭಾಷೆಯಲ್ಲಿ ಶೀಟು ಬರೆಯುವವರು ಇದ್ದಾರೆ ಅಂತ ಅವರಿಗೆ ಬೇರೆ ಹೇಗೆ ಗೊತ್ತಾಗಬೇಕು?

ಸಾಗರದಲ್ಲಿರುವ ಗೆಳತಿ ನಡುವಿನ ಚಿತ್ರ ಬರೆದುಕೊಡುತ್ತಾಳೆ. ಶೀಟನ್ನು ಸಿಎಸ್‌ವಿ (ಬರೀ ಅಕ್ಷರದ ಪಟ್ಟಿ ಫೈಲು) ಮಾಡಿ ಕಳಿಸುತ್ತೇನೆ, ಕೆಲವೇ ಕೆಬಿ, ನಮ್ಮ ಜಗಲಿಯ ಮೂಲೆಯಲ್ಲಿ ಸಿಗುವ ಸಿಗ್ನಲ್ಲಿಗೂ ಹೋಗುತ್ತದೆ. ತೆರೆದಾಗ ಕನ್ನಡ ಎಲ್ಲ ವಿಚಿತ್ರ ಚಿಹ್ನೆಗಳಾಗಿ ಕಂಡರೆ ಹೆದರಬೇಡಿ. ಲಿಬ್ರೆ ಆಫೀಸಿನಲ್ಲಿ ತೆರೆಯುವಾಗ ಅಕ್ಷರ ಸಂಕೇತ ಯುಟಿಎಫ್-8 ಅಂತ ಆರಿಸಿದರೆ ಸರಿಹೋಗುತ್ತದೆ. ಹೋದ ಆಗಸ್ಟಿನಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಲ್ಯಾಪ್‌ಟಾಪು ಸತ್ತಿತ್ತು, ಆದರೆ ಶೀಟು ಫೋನಿನಲ್ಲಿತ್ತು, ಅದನ್ನು ನೋಡಿಕೊಂಡು ಬೆಳಕಿದ್ದಷ್ಟು ಹೊತ್ತು ಹಾಳೆಯ ಮೇಲೆ ಕೀ ಚಿತ್ರ ಬರೆದೆ.

ಇದೆಲ್ಲ ಯಾಕೆ, ಶೀಟು ಒಳಗೇ ಇರುವ ತಂತ್ರಾಂಶ ಬಳಸಬಾರದಾ ಅಂತ ಕೇಳುವವರಿಗೆ: ಖಂಡಿತ ಬಳಸಬಹುದು. ಓಪನ್‌ಟೂನ್ಸ್ 2016ರ ಮಾರ್ಚಿನಿಂದ ಮುಕ್ತವಾಗಿ, ಪುಕ್ಕಟೆ ಸಿಗುತ್ತದೆ. ಅದರಿಂದಲೇ ಕವಲೊಡೆದ ತಹೋಮಾ2ಡಿ ಕೂಡ ಇದೆ. ಎರಡರಲ್ಲೂ ಎಕ್ಸ್‌ಶೀಟ್ ಇರುವುದೇ ಮೊದಲಿನಿಂದ, ಎರಡೆರಡು ಮೂರು ಮೂರು ಮಾಡಲು ಒಂದು ಆಜ್ಞೆ ಸಾಕು. ಈಗಷ್ಟೇ ಕಲಿಯುತ್ತಿದ್ದರೆ ಅಲ್ಲಿಂದಲೇ ಶುರು ಮಾಡಿ ಅಂತ ಹೇಳುತ್ತೇನೆ. ನನ್ನ ಹಾಗೆ ಕ್ರಿಟಾದ ಬ್ರಷ್ಷಿಗೆ ಅಂಟಿಕೊಂಡವರಿಗೆ ಮಾತ್ರ ಆಡ್-ಆನ್. ಬರೀ ಮತ್ತೆ ಮತ್ತೆ ಓಡಿಸುವ ನಡಿಗೆಯ ಆವರ್ತನೆ (ವಾಕ್ ಸೈಕಲ್) ಮಾಡುವವರಿಗೆ ಬೇಡವೇ ಬೇಡ, ಟೈಮ್‌ಲೈನ್ ಸಾಕು. ಶಾಟು ಎರಡು ಸೆಕೆಂಡು ದಾಟಿದರೆ, ಲೇಯರು ಮೂರು ದಾಟಿದರೆ, ಆಗ ಇದರ ಬೆಲೆ ಗೊತ್ತಾಗುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಅನ್‌ಡೂ ಒಂದೇ ಸಲಕ್ಕೆ ಆಗುವ ದಿನ ಉಳಿದ ಒಂದನ್ನೂ ಕೊಡುತ್ತೇನೆ. ಮುಂದಿನ ಶಾಟು 11 ಸೆಕೆಂಡಿನದು, 264 ಫ್ರೇಮು, ಒಂದರ ಹಿಂದೆ ಒಂದು ಮೂರು ಮರ. ನಾಳೆ ಪಕ್ಕದ ತೋಟದಲ್ಲಿ ಕೊಯ್ಲಿದೆ, ಫೋನು ಚಾರ್ಜಿಗೆ ಇಟ್ಟಿದ್ದೇನೆ.