ಹಳೆಯ ರೆಡ್ ವೈನ್: ರಿಯೋಹಾನಾ, ಬರೋಲೋನಾ, ಬೋರ್ಡೋನಾ?

ಗೆಳೆಯರು ಸೇರಿದಾಗ ಯಾವ ಬಾಟಲಿ ತೆರೆಯೋದು ಅಂತ ಕೇಳಿದ್ದೀರಿ.

ಖರ್ಚಿನ ಲೆಕ್ಕಕ್ಕೆ ಸ್ಪೇನಿನ ರಿಯೋಹಾ ಗ್ರಾನ್ ರಿಸರ್ವಾ. ಕನಿಷ್ಠ 5 ವರ್ಷ ಮಾಗಿಸಿ, ಅದರಲ್ಲಿ 2 ವರ್ಷ ಓಕ್ ಪೀಪಾಯಿಯಲ್ಲಿಟ್ಟು ಆಮೇಲೆಯೇ ಮಾರುತ್ತಾರೆ. ಕಾಯುವ ಕಷ್ಟ ನಮಗಿಲ್ಲ. ಇಟಲಿಯ ಬರೋಲೋ, ಫ್ರಾನ್ಸಿನ ಹೆಸರಾಂತ ಬೋರ್ಡೋ ಸಾಮಾನ್ಯವಾಗಿ ಇದಕ್ಕಿಂತ ದುಬಾರಿ.

ನಿರಾಸೆಯ ಭಯ? ಬೋರ್ಡೋದಲ್ಲಿ ದ್ರಾಕ್ಷಿ ಕೊಯ್ದ ವರ್ಷ ನೋಡದೆ ಕೊಳ್ಳಬೇಡಿ. 2005, 2010 ಗಟ್ಟಿ ವರ್ಷಗಳು. 2013 ಚಳಿ, ಮಳೆಗೆ ಸೊರಗಿದ್ದು. ದೊಡ್ಡ ಹೆಸರು ನೋಡಿ ಸುಮ್ನೆ ದುಡ್ಡು ಸುರಿದವರಲ್ಲಿ ನಾನೂ ಒಬ್ಬ. ಬರೋಲೋ ಎಳೆಯದರಲ್ಲಿ ತೆರೆದರೆ ಬಾಯೆಲ್ಲ ಒಗರು, ಕಾಯಿ ನೇರಳೆ ಕಚ್ಚಿದ ಹಾಗೆ. 10–15 ವರ್ಷ ಕಳೆದ ಒಳ್ಳೆಯ ಬಾಟಲಿಯಲ್ಲಿ ಒಣಗಿದ ಗುಲಾಬಿಯ ಪರಿಮಳ! ಕಾರ್ಕ್ ಕೆಟ್ಟು ಒದ್ದೆ ರಟ್ಟಿನ ವಾಸನೆ ಹೊಡೆದರೆ ಮಾತ್ರ ಯಾವುದಾದರೂ ಸಿಂಕಿಗೇ.

ಮೂರರಲ್ಲಿ ಯಾವುದೇ ಇರಲಿ, ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ಇಳಿಯಲಿ.

ಹೊಸಬರು ಜಾಸ್ತಿ ಇದ್ದರೆ ರಿಯೋಹಾ. ಮಾಂಸ, ಅಣಬೆ ಊಟದ ಜೊತೆ ನಿಧಾನಕ್ಕೆ ಕೂರುವವರಿಗೆ ಬರೋಲೋ. ಎರಡು ಬೇರೆ ಬೇರೆ ವರ್ಷಗಳ ಬಾಟಲಿ ಪಕ್ಕಪಕ್ಕ ಇಟ್ಟು ವಾದ ಮಾಡುವ ಗೆಳೆಯರಿದ್ದಾರಲ್ವಾ, ಅವರಿಗೆ ಬೋರ್ಡೋ.