ಕರಾವಳಿಯ ಮಳೆಗೆ ಚಕಮಕಿ ಕೋವಿಯೋ, ಕೇಪಿನ ಕೋವಿಯೋ?

ಉಡುಪಿ ಕಡೆಯ ತೋಟಕ್ಕಾದರೆ ನನ್ನ ಮತ ಕೇಪಿನ ಕೋವಿಗೆ, ಅಂದರೆ ಸಿಡಿಮದ್ದಿನ ಪುಟ್ಟ ಲೋಹದ ಟೋಪಿ (ಕೇಪು) ಬಡಿದು ಬೆಂಕಿ ಹತ್ತಿಸುವ ಕೋವಿಗೆ. ಕಲ್ಲಿನ ಕಿಡಿಯಿಂದ ಮದ್ದು ಹತ್ತಿಸುವ ಚಕಮಕಿ ಕೋವಿ ನೋಡಲು ಚೆಂದ, ಬೇಸಿಗೆಯಲ್ಲಿ ಹೇಳಿದ ಮಾತೂ ಕೇಳುತ್ತದೆ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹತ್ತಿರವಾಯಿತೋ, ಅದರ ಹಠ ಶುರು.

ತಕರಾರು ಇರುವುದು ನಳಿಗೆಯ ಹೊರಬದಿಯ ಪುಟ್ಟ ಮದ್ದಿನ ಬಟ್ಟಲಿನಲ್ಲಿ. ಕುದುರೆ (ಕಲ್ಲು ಕಚ್ಚಿಕೊಂಡ ಸುತ್ತಿಗೆ) ಬಿದ್ದು ಕಲ್ಲು ಉಕ್ಕನ್ನು ಕೆರೆದಾಗ ಉದುರುವ ಕಿಡಿ ಮೊದಲು ಬಟ್ಟಲಿನ ಸಣ್ಣಮದ್ದಿಗೆ ಹತ್ತಬೇಕು, ಅಲ್ಲಿಂದ ಪಕ್ಕದ ತೂತಿನ ಮೂಲಕ ನಳಿಗೆಯೊಳಗೆ ಮುಟ್ಟಬೇಕು. ತೂತೋ, ಸುಮಾರು ಒಂದೂವರೆ ಮಿ.ಮೀ. ಅಗಲ. ನಮ್ಮ ಹವೆಯಲ್ಲಿ ಹೊಸ ಮದ್ದಿಗಿಂತ ಸುಟ್ಟುಳಿದ ಕಿಟ್ಟವೇ ಹೆಚ್ಚು ತೇವ ಹೀರುತ್ತದೆ. ಒಂದೆರಡು ಈಡು ಹಾರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಬಟ್ಟಲಿನ ತಳದಲ್ಲಿ ಕರಿ ರಾಡಿ. ಮೇಲೆ ಎಷ್ಟು ಒಣ ಮದ್ದು ಹಾಕಿದರೂ ಅದೂ ಹಾಳು. ಹಾಗಾಗಿ ಪ್ರತಿ ಈಡಿಗೂ ಬಟ್ಟಲು, ಕಲ್ಲಿನ ಅಂಚು, ಉಕ್ಕಿನ ಮುಖ ಮೂರನ್ನೂ ಒಣಬಟ್ಟೆಯಲ್ಲಿ ಒರೆಸಬೇಕು. ಆಮೇಲೆ ತೂತಿಗೆ ತಂತಿ ಆಡಿಸಿ, ನಳಿಗೆ ತುಂಬಿ, ಬಟ್ಟಲಿನ ಮದ್ದು ಕಟ್ಟಕಡೆಗೆ.

ಬಟ್ಟಲು ತುಂಬಿಸಿದರೆ ಬೇಗ ಹತ್ತುತ್ತದೆ ಎನ್ನುವುದು ತಪ್ಪು ಲೆಕ್ಕ. ಮದ್ದು ತೂತನ್ನು ಮುಚ್ಚಿದರೆ ಜ್ವಾಲೆ ಒಳಗೆ ಹಾರುವ ಬದಲು ಬತ್ತಿಯ ಹಾಗೆ ಉರಿದುಕೊಂಡು ಹೋಗುತ್ತದೆ: ಮೊದಲು ‘ಫುಸ್’, ಆಮೇಲೆ ‘ಢಂ’. ಅರ್ಧಕ್ಕಿಂತ ಕಮ್ಮಿ ಸಾಕು, ಅದೂ ತೂತಿನಿಂದ ಆಚೆಗೆ ಸರಿಸಿ. ಕಿಡಿಯೇ ಬೀಳದಿದ್ದರೆ ಕಲ್ಲು ಮೊಂಡಾಗಿರುತ್ತದೆ, ಇಲ್ಲವೇ ಕುದುರೆಯ ಹಿಡಿಕೆಯಲ್ಲಿ ಅಲ್ಲಾಡುತ್ತಿರುತ್ತದೆ. ತೊಗಲಿನ ತುಂಡು ಸುತ್ತಿ ಬಿಗಿಮಾಡಿ.

ಕೇಪಿನಲ್ಲಿ ಈ ರಾಮಾಯಣವಿಲ್ಲ. ಸಿಡಿಮದ್ದು ಟೋಪಿಯೊಳಗೇ ಇರುತ್ತದೆ, ನಳಿಗೆಯ ಬುಡದ ತೂತುಳ್ಳ ಮೊಳೆಗೆ (ನಿಪ್ಪಲ್) ಬಿಗಿಯಾಗಿ ಕೂತರೆ ಹನಿಮಳೆಗೆಲ್ಲ ಕೇರ್ ಮಾಡುವುದಿಲ್ಲ. ಇದರ ಶತ್ರು ಎಣ್ಣೆ. ಎಣ್ಣೆ ಸವರಿಟ್ಟ ಕೋವಿಯನ್ನು ಹಾಗೇ ತುಂಬಿದರೆ ಕೇಪು ‘ಟಪ್’ ಎಂದು ಸುಮ್ಮನಾಗುತ್ತದೆ. ಮೊದಲು ಖಾಲಿ ನಳಿಗೆಯ ಬಾಯಿಯನ್ನು ನೆಲದ ಹುಲ್ಲಿನ ಹತ್ತಿರ ಹಿಡಿದು ಒಂದು ಕೇಪು ಹೊಡೆಯಿರಿ. ಹುಲ್ಲು ಅಲುಗಿತೆಂದರೆ ದಾರಿ ಖುಲ್ಲಾ.

ಖರ್ಚು ಕಮ್ಮಿ ಎನ್ನುವುದರಲ್ಲಿ ಮಾತ್ರ ಚಕಮಕಿ ಮುಂದೆ: ಕೇಪು ಮುಗಿಯಿತು, ಸಿಗಲಿಲ್ಲ ಎಂಬ ತಾಪತ್ರಯವಿಲ್ಲ. ಲೈಸೆನ್ಸ್ ಎರಡಕ್ಕೂ ಬೇಕು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವ ಕಿರಿಕಿರಿಯೂ ಒಂದೇ. ತೋಟೆ (ಕಾರ್ಟ್ರಿಜ್) ಹಾಕುವ ಕೋವಿ ಇವೆರಡಕ್ಕಿಂತ ನಂಬಿಗಸ್ತ, ಬೆಲೆ ನನ್ನ ಜೇಬಿಗೆ ಒಗ್ಗದು.

ಚಕಮಕಿಯ ಬೆಂಕಿ ತೂತಿನಿಂದ ಪಕ್ಕಕ್ಕೆ, ಸಾಮಾನ್ಯವಾಗಿ ಬಲಕ್ಕೆ ಚಿಮ್ಮುತ್ತದೆ. ಆ ಬದಿಯಲ್ಲಿ ಯಾರೂ ನಿಲ್ಲಬಾರದು. ಕೇಪಿನ ಚೂರು ಕಣ್ಣಿಗೆ ಹಾರಬಹುದು. ಎರಡಕ್ಕೂ ಕನ್ನಡಕ ಬೇಕೇ ಬೇಕು. ಈಡು ಹಾರದಿದ್ದರೆ ಬಾಯಿಯನ್ನು ಜನವಿಲ್ಲದ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ, ತಡವಾಗಿ ಹಾರುವುದುಂಟು. ಈ ‘ಫುಸ್–ಢಂ’ ಕಾಟ ಚಕಮಕಿಯಲ್ಲೇ ಜಾಸ್ತಿ. ಮದ್ದನ್ನು ಡಬ್ಬಿಯಿಂದ ನೇರ ಸುರಿಯಬೇಡಿ, ಒಳಗೆ ಕೆಂಡ ಉಳಿದಿದ್ದರೆ ಡಬ್ಬಿಯೇ ಸಿಡಿಯುತ್ತದೆ. ಅಳತೆಯ ಕೊಳವೆ ಬಳಸಿ. ತೋಟೆ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದನ್ನು ಹಾಕಿದರೆ ನಳಿಗೆಯೇ ಒಡೆಯುತ್ತದೆ.

ಹಾರಿಸಿದ ದಿನವೇ ಬಿಸಿನೀರಲ್ಲಿ ತೊಳೆದು ಒಣಗಿಸುವವರು, ಬೇಸಿಗೆಗೆ ಮಾತ್ರ ಕೋವಿ ತೆಗೆಯುವವರು ಚಕಮಕಿ ಇಟ್ಟುಕೊಳ್ಳಲಿ. ಆಟಿ ತಿಂಗಳ ಮಳೆರಾತ್ರಿ ಹಂದಿ ಓಡಿಸಲು ಏಳುವ ನನ್ನಂಥವರಿಗೆ ಕೇಪೇ ಸೈ.